ಸರಾಸರಿ ಹೇಳದ ಮಾತು

ಗಣಿತದ ಶಿಕ್ಷಕನಾಗಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ 2009ರಲ್ಲಿ ನಾನು ನಿವೃತ್ತನಾದೆ. ಆ ಅವಧಿಯಲ್ಲಿ ಅತಿ ಹೆಚ್ಚು ಸಲ ಕಲಿಸಿದ ಪಾಠ ಯಾವುದೆಂದು ಯಾರಾದರೂ ಕೇಳಿದರೆ ‘ಸರಾಸರಿ’ ಎಂದೇ ಹೇಳಬೇಕಾಗುತ್ತದೆ. ಎಲ್ಲವನ್ನೂ ಕೂಡಿಸು, ಎಷ್ಟು ಇವೆಯೋ ಅಷ್ಟರಿಂದ ಭಾಗಿಸು. ಇಷ್ಟು ಸುಲಭವಾದ, ಇಷ್ಟು ಉಪಯುಕ್ತವಾದ ಲೆಕ್ಕ ಇನ್ನೊಂದಿಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಮಳೆಯ ಸರಾಸರಿ, ಅಂಕಗಳ ಸರಾಸರಿ, ಬಸ್ಸು ತಡವಾಗಿ ಬರುವ ನಿಮಿಷಗಳ ಸರಾಸರಿ, ಹೀಗೆ ಎಲ್ಲಕ್ಕೂ ನನ್ನ ಬಳಿ ಒಂದು ಸರಾಸರಿ ಇರುತ್ತಿತ್ತು. ಈ ಇಳಿವಯಸ್ಸಿನಲ್ಲಿ ಅದೇ ಪಾಠವನ್ನು ನನ್ನ ಶಿಷ್ಯನೊಬ್ಬನಿಂದ ಮತ್ತೆ ಕಲಿಯಬೇಕಾಯಿತು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಕೊನೆಯಲ್ಲಿ ಬರುತ್ತದೆ.

ಕಳೆದ ದೀಪಾವಳಿಗೆ ಆ ಶಿಷ್ಯ ಊರಿಗೆ ಬಂದಿದ್ದವನು ನಮ್ಮ ಮನೆಗೂ ಬಂದಿದ್ದ. ಬೆಂಗಳೂರಿನಲ್ಲಿ ಎಂಜಿನಿಯರ್. ವಯಸ್ಸು ನಲವತ್ತು ದಾಟಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಅನೇಕ ಸೈಕಲ್ ಪಟುಗಳನ್ನು ಕೊಟ್ಟ ಸೀಮೆ ಎಂಬುದು ನಿಮಗೆ ಗೊತ್ತೇ ಇದೆ. ಇವನು ಪಟುವಲ್ಲ, ಆದರೆ ಆ ಹುಚ್ಚು ಇವನಿಗೂ ಅಂಟಿದೆ. ಪ್ರತಿ ಭಾನುವಾರ ನಸುಕಿನಲ್ಲಿ ಎದ್ದು ಸೈಕಲ್ ಹತ್ತುತ್ತಾನೆ. ಚಹಾ ಕುಡಿಯುತ್ತಾ ಮೊಬೈಲ್ ತೆಗೆದು ಎರಡು ಭಾನುವಾರಗಳ ಲೆಕ್ಕವನ್ನು ನನ್ನ ಮುಂದಿಟ್ಟ. ಮೊದಲ ಭಾನುವಾರ ಸಮತಟ್ಟಾದ ರಸ್ತೆಯಲ್ಲಿ ಎರಡು ತಾಸು. ಸರಾಸರಿ 150 ವ್ಯಾಟ್. ಎರಡನೆಯ ಭಾನುವಾರ ನಂದಿಬೆಟ್ಟ ಹತ್ತಿ ಇಳಿದದ್ದು ಸೇರಿ ಅದೇ ಎರಡು ತಾಸು. ಸರಾಸರಿ 148 ವ್ಯಾಟ್.

“ಸರ, ಸರಾಸರಿ ಎರಡೂ ದಿನಾ ಹೆಚ್ಚು ಕಮ್ಮಿ ಒಂದ ಐತ್ರಿ. ಆದ್ರ ಎರಡನೇ ದಿನಾ ಮನೀಗೆ ಬಂದು ಬಿದ್ದಾಂವ ಮಧ್ಯಾಹ್ನದ ತನಾ ಎದ್ದಿಲ್ರಿ. ಯಾಕಂತ ನೀವ ಹೇಳ್ರಿ” ಎಂದ.

“ಸರಾಸರಿ ಒಂದ, ವ್ಯಾಳ್ಯಾನೂ ಒಂದ ಅಂದ ಮ್ಯಾಲೆ ಕೆಲಸಾನೂ ಒಂದ ಅಲ್ಲೇನಪಾ?” ಎಂದೆ ನಾನು.

“ಕೆಲಸ ಒಂದ ರೀ ಸರ. ದಣಿವು ಒಂದ ಅಲ್ರಿ” ಎಂದ ಅವನು.

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅವನು ಹೋದ ಮೇಲೂ ಹಲವು ದಿನ ಅದರ ಬೆನ್ನು ಹತ್ತಿದೆ. ತಿಳಿದುಕೊಂಡದ್ದನ್ನು ತರಗತಿಯಲ್ಲಿ ಹೇಳುವಂತೆಯೇ ಹೇಳುತ್ತೇನೆ.

ಮೊದಲು ಪದಗಳನ್ನು ಸರಿಮಾಡಿಕೊಳ್ಳೋಣ. ನಮ್ಮ ವಿಜ್ಞಾನ ಪುಸ್ತಕಗಳಲ್ಲಿ ‘ಕೆಲಸ’ವೆಂದರೆ ಬಲ ಹಾಕಿ ವಸ್ತುವನ್ನು ಸರಿಸಿದ್ದು. ಅದರ ಅಳತೆ ಜೂಲ್. ಆ ಕೆಲಸ ಎಷ್ಟು ವೇಗವಾಗಿ ನಡೆಯಿತು ಎಂಬುದು ‘ಸಾಮರ್ಥ್ಯ’. ಒಂದು ಸೆಕೆಂಡಿಗೆ ಒಂದು ಜೂಲ್ ಆದರೆ ಅದು ಒಂದು ವ್ಯಾಟ್. ಸೈಕಲ್ ತುಳಿಯುವವನ ಸಾಮರ್ಥ್ಯವನ್ನು ರಸ್ತೆಯ ಮೇಲೆಯೇ ಅಳೆಯುವ ಉಪಕರಣವನ್ನು ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬೆರರ್ 1986ರಲ್ಲಿ ರೂಪಿಸಿದರು. ಪೆಡಲನ್ನು ಒತ್ತಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯಿಂದ ತಿರುಗಿಸುವ ಬಲವನ್ನು ತಿಳಿದು, ಕ್ರ್ಯಾಂಕ್ ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಇಂದಿನ ಉಪಕರಣಗಳು ಸೆಕೆಂಡಿಗೊಂದು ಸಂಖ್ಯೆ ಬರೆದುಕೊಳ್ಳುತ್ತವೆ. ಒಂದು ತಾಸಿಗೆ 3600 ಸಂಖ್ಯೆಗಳು. ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಕುಳಿತರೆ ಅಲ್ಲಿ ಸೊನ್ನೆ ಬೀಳುತ್ತದೆ.

ಇಷ್ಟು ಸಂಖ್ಯೆಗಳನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು ಹೇಗೆ? ನನ್ನ ಉತ್ತರ ನಿಮಗೆ ಗೊತ್ತು: ಕೂಡಿಸು, ಭಾಗಿಸು. ಆದರೆ ಅಮೆರಿಕದ ವ್ಯಾಯಾಮ ವಿಜ್ಞಾನಿ ಆಂಡ್ರ್ಯೂ ಕಾಗನ್ ಬೇರೆ ದಾರಿ ಹಿಡಿದರು. ಹಂಟರ್ ಅಲೆನ್ ಅವರೊಡನೆ ಬರೆದು 2006ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅವರ ವಿಧಾನ ಸೈಕಲ್ ಸವಾರರಲ್ಲಿ ಮನೆಮಾತಾಯಿತು. ಅವರು ಅದನ್ನು ‘ನಾರ್ಮಲೈಸ್ಡ್ ಪವರ್’ ಎಂದು ಕರೆದರು. ಸ್ಟ್ರಾವಾ ಎಂಬ ಆ್ಯಪ್‌ನಲ್ಲಿ ಇದರದೇ ತಮ್ಮನಂಥ ಒಂದು ಸಂಖ್ಯೆ ಇದೆ. ಅದನ್ನು ತೂಕದ ಸರಾಸರಿ ಎಂದೇ ತೋರಿಸುತ್ತಾರೆ. ಸೂತ್ರ ಸ್ವಲ್ಪ ಬೇರೆಯಾದ್ದರಿಂದ ಎರಡೂ ಕಡೆ ಒಂದೇ ಸಂಖ್ಯೆ ಬರಬೇಕೆಂದಿಲ್ಲ.

ಕಾಗನ್ ಅವರ ಲೆಕ್ಕಕ್ಕೆ ನಾಲ್ಕು ಮೆಟ್ಟಿಲುಗಳು. ಒಂದು, ಪ್ರತಿ ಕ್ಷಣಕ್ಕೂ ಹಿಂದಿನ ಮೂವತ್ತು ಸೆಕೆಂಡುಗಳ ಸರಾಸರಿ ತೆಗೆಯುವುದು. ಎರಡು, ಹಾಗೆ ಬಂದ ಪ್ರತಿಯೊಂದನ್ನೂ ನಾಲ್ಕನೆಯ ಘಾತಕ್ಕೆ ಏರಿಸುವುದು, ಅಂದರೆ ಅದನ್ನು ಅದರಿಂದಲೇ ನಾಲ್ಕು ಬಾರಿ ಇಟ್ಟು ಗುಣಿಸುವುದು. ಮೂರು, ಅವುಗಳ ಸರಾಸರಿ. ನಾಲ್ಕು, ಆ ಸರಾಸರಿಯ ನಾಲ್ಕನೆಯ ಮೂಲ, ಅಂದರೆ ವರ್ಗಮೂಲದ ವರ್ಗಮೂಲ.

ಲೆಕ್ಕ ಮಾಡದೆ ತಿಳಿಯುವುದಿಲ್ಲ. ಪೆನ್ಸಿಲ್ ಹಿಡಿಯಿರಿ. ಮೂವರು ಸವಾರರು ಒಂದೊಂದು ತಾಸು ತುಳಿದರೆಂದು ಭಾವಿಸೋಣ. ಮೊದಲನೆಯವನು ಒಂದೇ ಸಮನೆ 150 ವ್ಯಾಟ್. ಎರಡನೆಯವನು ಐದು ನಿಮಿಷ 100, ಮತ್ತೈದು ನಿಮಿಷ 200, ಹೀಗೆ ಒಂದಾದ ಮೇಲೊಂದು. ಮೂರನೆಯವನು ಐದು ನಿಮಿಷ 300, ಮತ್ತೈದು ನಿಮಿಷ ಸೊನ್ನೆ. ಮೂವರ ಸರಾಸರಿಯೂ 150 ವ್ಯಾಟ್. ನನ್ನ ಹಳೆಯ ಕರಿಹಲಗೆಯ ಮೇಲೆ ಮೂವರೂ ಸಮಾನರು.

ಈಗ ಹೊಸ ಲೆಕ್ಕ. ಮೂವತ್ತು ಸೆಕೆಂಡಿನ ಮೆಟ್ಟಿಲನ್ನು ಸದ್ಯಕ್ಕೆ ಬಿಡಿ. ಐದೈದು ನಿಮಿಷದ ಸರದಿಯಾದ್ದರಿಂದ ಅದು ಉತ್ತರವನ್ನು ಹೆಚ್ಚು ಬದಲಿಸದು. ಎರಡನೆಯವನ 100ರ ನಾಲ್ಕನೆಯ ಘಾತ 10 ಕೋಟಿ. 200ರದು 160 ಕೋಟಿ. ಎರಡರ ಸರಾಸರಿ 85 ಕೋಟಿ. ಅದರ ನಾಲ್ಕನೆಯ ಮೂಲ ಸುಮಾರು 171. ಮೂರನೆಯವನ 300ರ ನಾಲ್ಕನೆಯ ಘಾತ 810 ಕೋಟಿ. ಸೊನ್ನೆಯದು ಸೊನ್ನೆಯೇ. ಸರಾಸರಿ 405 ಕೋಟಿ, ಅದರ ನಾಲ್ಕನೆಯ ಮೂಲ ಸುಮಾರು 252. ಒಂದೇ ಸಮನೆ ತುಳಿದವನಿಗೆ ಮಾತ್ರ ಎರಡೂ ಲೆಕ್ಕದಲ್ಲಿ 150. ಅಂದರೆ ಮೂರನೆಯವನ ಮೈ ಆ ಒಂದು ತಾಸಿನಲ್ಲಿ, ಒಂದೇ ಸಮನೆ 252 ವ್ಯಾಟ್ ತುಳಿದವನ ಮೈಯಷ್ಟು ದಣಿದಿದೆ ಎಂದು ಈ ಲೆಕ್ಕದ ಅಂದಾಜು.

ತೂಕದ ಸರಾಸರಿ ಎಂಬುದನ್ನು ನಾನೂ ಕಲಿಸಿದ್ದೆ. ಅಲ್ಲಿ ತೂಕವನ್ನು ನಾವು ಹೊರಗಿನಿಂದ ಕೊಡುತ್ತೇವೆ, ಈ ಪರೀಕ್ಷೆಗೆ ಇಷ್ಟು, ಆ ಪರೀಕ್ಷೆಗೆ ಅಷ್ಟು ಎಂದು. ಇಲ್ಲಿ ಸಂಖ್ಯೆಯೇ ತನ್ನ ತೂಕವನ್ನು ಹೊತ್ತು ತರುತ್ತದೆ. ದೊಡ್ಡದು ಬರಿದೇ ದೊಡ್ಡದಲ್ಲ, ಬಹಳ ದೊಡ್ಡದು.

ನಾಲ್ಕನೆಯ ಘಾತವೇ ಏಕೆ? ತುಳಿಯುವ ಸಾಮರ್ಥ್ಯ ಏರಿದಂತೆ ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ವಸ್ತು ಏರುತ್ತದೆ. ಆದರೆ ಸಮಸಮವಾಗಿ ಏರುವುದಿಲ್ಲ. ಮೊದಮೊದಲು ಮೆಲ್ಲಗೆ, ಆಮೇಲೆ ಹಠಾತ್ತನೆ. ಆ ವಕ್ರರೇಖೆ ಸರಿಸುಮಾರು ನಾಲ್ಕನೆಯ ಘಾತಕ್ಕೆ ಹೊಂದುತ್ತದೆಂದು ಕಾಗನ್ ಕಂಡರು. ಮೂವತ್ತು ಸೆಕೆಂಡಿನ ಮೆಟ್ಟಿಲಿಗೂ ಕಾರಣವಿದೆ. ಕಾಲು ಒತ್ತಿದ ಕ್ಷಣವೇ ಉಸಿರು, ಎದೆಬಡಿತ ಏರುವುದಿಲ್ಲ. ಮೈ ತುಸು ತಡವಾಗಿ ಉತ್ತರ ಕೊಡುತ್ತದೆ. ಐದಾರು ಸೆಕೆಂಡಿನ ಜಿಗಿತವನ್ನು ಮೈ ನುಂಗಿಕೊಳ್ಳುತ್ತದೆ, ಐದು ನಿಮಿಷದ ಏರನ್ನು ನುಂಗಲಾರದು.

ಇಂಥ ಲೆಕ್ಕ ನಮಗೆ ಹೊಸದೇನೂ ಅಲ್ಲ. ನಿಮ್ಮ ಮನೆಯ ವಿದ್ಯುತ್ತು 230 ವೋಲ್ಟ್ ಎನ್ನುತ್ತಾರೆ. ಅದು ಸರಾಸರಿಯಲ್ಲ. ಅತ್ತಿತ್ತ ತೂಗುವ ಪರ್ಯಾಯ ವಿದ್ಯುತ್ತಿನ ಸರಾಸರಿ ಸೊನ್ನೆ! ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ತೆಗೆದಾಗ 230 ಬರುತ್ತದೆ. ಸರಾಸರಿಯನ್ನು ನಂಬಿ ಆ ತಂತಿಯನ್ನು ಮುಟ್ಟಿದವರು ಯಾರೂ ಇಲ್ಲ. ಇನ್ನೊಂದು ಉದಾಹರಣೆ ನಮ್ಮ ಮುಧೋಳ ಸೀಮೆಯದೇ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ಪರೀಕ್ಷೆ ಮಾಡಿದಾಗ, ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಬೆಳೆಯುತ್ತದೆ ಎಂದು ಗೊತ್ತಾಯಿತು. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಜೋಡಿಸಿಕೊಂಡು, ಕಬ್ಬು ಹೊರಚಾಚುವಂತೆ ಹೇರಿ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಸ್ಕೂಟರ್ ಓಡಿಸಿದವರಿಗೆ ಇದಕ್ಕೆ ಬೇರೆ ಪುರಾವೆ ಬೇಡ. ವರ್ಷವಿಡೀ ಹೋಗುವ ಬಂಡಿಗಳ ಭಾರದ ಸರಾಸರಿ ತೆಗೆದರೆ ಆ ರಸ್ತೆ ಏಕೆ ಕಿತ್ತುಹೋಯಿತೆಂದು ಎಂದಿಗೂ ತಿಳಿಯದು.

ಹಾಗೆಂದು ಸರಾಸರಿ ಸುಳ್ಳಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ. 150 ವ್ಯಾಟ್ ಸರಾಸರಿಯಲ್ಲಿ ಒಂದು ತಾಸು ಎಂದರೆ 5,40,000 ಜೂಲ್ ಕೆಲಸ. ಅದು ಮೂವರು ಸವಾರರಿಗೂ ಒಂದೇ. ಉಂಡ ಅನ್ನದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ತುಸು ಕಡಿಮೆ ಮಾತ್ರ ಪೆಡಲಿಗೆ ಮುಟ್ಟುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಆದ್ದರಿಂದ ಆ ತಾಸಿಗೆ 500 ಕಿಲೋಕ್ಯಾಲೊರಿಗೂ ಮೇಲೆ ಬೇಕು. ಎಷ್ಟು ರೊಟ್ಟಿ ತಿನ್ನಬೇಕು ಎಂದು ಕೇಳುವವನು ಸರಾಸರಿಯನ್ನೇ ನೋಡಬೇಕು. ಮೈ ಎಷ್ಟು ತೆತ್ತಿತು ಎಂದು ಕೇಳುವವನು ಇನ್ನೊಂದನ್ನು ನೋಡಬೇಕು.

ಎರಡೂ ಒಂದೇ ಆಗುವ ಸಂದರ್ಭವೂ ಉಂಟು. ಒಂದು ತಾಸಿನಲ್ಲಿ ಎಷ್ಟು ದೂರ ಎಂಬ ದಾಖಲೆಗೆ ಅಂಡಾಕಾರದ ಮೈದಾನದಲ್ಲಿ ಒಬ್ಬನೇ ಸುತ್ತುತ್ತಾನೆ. ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ 49.431 ಕಿ.ಮೀ. ಹೋದರು. ಇಟಲಿಯ ಫಿಲಿಪ್ಪೊ ಗನ್ನಾ 2022ರಲ್ಲಿ ಸ್ವಿಟ್ಜರ್ಲೆಂಡಿನ ಗ್ರೆನ್ಶೆನ್‌ನಲ್ಲಿ 56.792 ಕಿ.ಮೀ. ಹೋದರು. ಅಲ್ಲಿ ಏರಿಲ್ಲ, ಇಳಿಜಾರಿಲ್ಲ, ಗುಂಪಿಲ್ಲ. ಒಂದೇ ಸಮನೆ ತುಳಿಯುವುದೇ ಜಾಣತನ. ಗಾಳಿಯ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಮೂರನೆಯ ಘಾತದಂತೆ ಏರುವುದರಿಂದ, ನಡುನಡುವೆ ಜಿಗಿದವನು ದಂಡ ತೆರುತ್ತಾನೆ. ಅಂಥವರಲ್ಲಿ ಸರಾಸರಿಗೂ ತೂಕದ ಸಂಖ್ಯೆಗೂ ಬಹಳ ಅಂತರವಿರದು. ಗುಂಪಿನಲ್ಲಿ ಓಡುವ, ತಿರುವಿನಲ್ಲಿ ನಿಧಾನಿಸಿ ಮತ್ತೆ ಚಿಮ್ಮುವ, ಬೆಟ್ಟ ಹತ್ತಿ ಇಳಿಯುವ ಸವಾರನಲ್ಲಿ ಅಂತರ ಬೆಳೆಯುತ್ತದೆ.

ನನ್ನ ಶಿಷ್ಯನ ಎರಡು ಭಾನುವಾರಗಳಿಗೆ ಬರೋಣ. ಮೊದಲ ದಿನ ಸರಾಸರಿ 150, ತೂಕದ್ದು 154. ಎರಡನೆಯ ದಿನ ಸರಾಸರಿ 148, ತೂಕದ್ದು 186. ಅವನು ಒಂದು ತಾಸು ಒಂದೇ ಸಮನೆ ತುಳಿಯಬಲ್ಲ ಗರಿಷ್ಠ ಸಾಮರ್ಥ್ಯ 220 ವ್ಯಾಟ್. ಅದರ ಮುಂದಿಟ್ಟರೆ ಮೊದಲ ದಿನ ಮೈಯ ಶೇಕಡ 70ರಷ್ಟು, ಎರಡನೆಯ ದಿನ ಶೇಕಡ 85ರಷ್ಟು ದುಡಿದಂತೆ. ಮಧ್ಯಾಹ್ನದವರೆಗೆ ಮಲಗಿದ್ದಕ್ಕೆ ಕಾರಣ ಸಿಕ್ಕಿತು. ಸಂಖ್ಯೆಯೊಂದೇ ಸಾಲದು, ಯಾರ ಮೈಯ ಮುಂದೆ ಅದನ್ನು ಇಡುತ್ತೇವೆ ಎಂಬುದೂ ಮುಖ್ಯ. ಅದೇ 186 ಪಳಗಿದ ಪಟುವಿಗೆ ಸಂಜೆಯ ವಿಹಾರ. ಮತ್ತು ಇದು ಅಂದಾಜೇ ಹೊರತು ತಕ್ಕಡಿಯಲ್ಲ. ಕೆಲವೇ ನಿಮಿಷದ ಸವಾರಿಗೆ ಇದನ್ನು ನೆಚ್ಚಲಾಗದು.

ಇಲ್ಲಿಗೆ ಪಾಠ ಮುಗಿಯಿತು. ಇನ್ನು ನಾನು ಹೇಳಬೇಕಾದದ್ದು.

ಶೋಬೆರರ್ ಅವರ ಉಪಕರಣ ಹುಟ್ಟಿದ ಅದೇ 1986ರಲ್ಲಿ ನಾನು ಅಖಂಡ ವಿಜಾಪುರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದೆ. ಕೊಠಡಿಗಳು ಸಾಲದೆ ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ಏಳೂವರೆಗೆ ಮೊದಲ ಪಿರಿಯಡ್ ನನ್ನದು. ಆ ತರಗತಿಯಲ್ಲಿ ಸೈಕಲ್ ಮೇಲೆ ಬರುವ ಇಬ್ಬರು ಹುಡುಗರಿದ್ದರು. ಇಬ್ಬರ ಊರೂ ಹನ್ನೆರಡು ಕಿಲೋಮೀಟರ್ ದೂರ. ಇಬ್ಬರೂ ಒಂದು ತಾಸಿನಲ್ಲಿ ಬರುತ್ತಿದ್ದರು. ಒಬ್ಬನು ಹೆದ್ದಾರಿಯ ಗುಂಟ ಬಂದು ಮುಂದಿನ ಬೆಂಚಿನಲ್ಲಿ ಚುರುಕಾಗಿ ಕೂಡುತ್ತಿದ್ದ. ಇನ್ನೊಬ್ಬನು ಕ್ಯಾರಿಯರ್‌ಗೆ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ಬಂದು, ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹಾಲು ಕೊಟ್ಟು ತರಗತಿಗೆ ಬರುತ್ತಿದ್ದ. ಬಂದು ಹತ್ತು ನಿಮಿಷದೊಳಗೆ ತೂಕಡಿಸುತ್ತಿದ್ದ. ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನಿಂತೂ ತೂಕಡಿಸುತ್ತಿದ್ದ.

ಒಂದು ದಿನ ಸರಾಸರಿ ವೇಗದ ಪಾಠ. ಇಬ್ಬರ ಹೆಸರನ್ನೂ ಹಲಗೆಯ ಮೇಲೆ ಬರೆದೆ. ಹನ್ನೆರಡು ಕಿಲೋಮೀಟರ್, ಒಂದು ತಾಸು. ಇಬ್ಬರ ಸರಾಸರಿ ವೇಗವೂ ತಾಸಿಗೆ ಹನ್ನೆರಡು. “ಹಂಗಾರ ಅವಂಗ ಬರದ ನಿದ್ದಿ ಇವಂಗ ಯಾಕ ಬರತೈತಿ, ಯಾರರ ಹೇಳ್ರಿ ನೋಡೋಣು” ಎಂದೆ. ತರಗತಿ ನಕ್ಕಿತು. ಹುಡುಗ ಮೆಲ್ಲಗೆ, “ನನ್ನ ದಾರಿ ಬ್ಯಾರೆ ಐತ್ರಿ ಸರ” ಎಂದ. “ದಾರಿ ಯಾವದಾದ್ರೇನು? ಹನ್ನೆರಡು ಅಂದ್ರ ಹನ್ನೆರಡ” ಎಂದೆ. ಮತ್ತೂ ನಕ್ಕರು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಅವನ ಅಂಕಪಟ್ಟಿಯಲ್ಲಿ ನಾನು ಬರೆದ ಷರಾ ‘ಸಾಧಾರಣ’.

ಆ ಶಾಲೆಯಲ್ಲಿ ಏಳು ವರ್ಷ ಇದ್ದೆ. ಒಮ್ಮೆಯೂ ಅವನ ದಾರಿಯಲ್ಲಿ ಹೋಗಿರಲಿಲ್ಲ. ದೀಪಾವಳಿಯ ಎರಡು ವಾರಗಳ ಬಳಿಕ ಶಿಷ್ಯನಿಗೆ ಫೋನ್ ಮಾಡಿ, ಮುಂದಿನ ಸಲ ಬಂದಾಗ ನನ್ನನ್ನು ಆ ದಾರಿಯಲ್ಲಿ ಕರೆದೊಯ್ಯಬೇಕೆಂದು ಕೇಳಿದೆ. ಸಂಕ್ರಾಂತಿಗೆ ಬಂದಾಗ ತನ್ನ ಕಾರಿನಲ್ಲಿ ಕರೆದೊಯ್ದ. ದಾರಿಯಲ್ಲಿ ಎರಡು ಹಳ್ಳಗಳು. ಈಗ ಸೇತುವೆ ಕಟ್ಟಿದ್ದಾರೆ. ಪಕ್ಕದಲ್ಲಿ ಹಳೆಯ ಬಂಡಿದಾರಿ ಇನ್ನೂ ಕಾಣುತ್ತದೆ, ಹಳ್ಳಕ್ಕೆ ಇಳಿದು ಮತ್ತೆ ದಡ ಹತ್ತುತ್ತದೆ. ಶಿಷ್ಯ ತನ್ನ ಸೈಕಲ್ಲಿನ ಉಪಕರಣವನ್ನು ಕೈಯಲ್ಲಿ ಹಿಡಿದು ಆ ಹಳೆಯ ದಾರಿಯಲ್ಲಿ ನಡೆದು ಎತ್ತರ ಅಳೆದ. ಮೊದಲ ಏರು ಸುಮಾರು 30 ಮೀಟರ್, ಎರಡನೆಯದು ಅದಕ್ಕಿಂತ ತುಸು ಕಡಿಮೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಹುಡುಗ 45 ಕಿಲೋ, ಸೈಕಲ್ 20, ಹಾಲು 20, ಒಟ್ಟು 85 ಕಿಲೋ ಎಂದು ಹಿಡಿದೆ. 30 ಮೀಟರ್ ಎತ್ತಲು ಸುಮಾರು 25,000 ಜೂಲ್. ಮೂರು ನಿಮಿಷದಲ್ಲಿ ಹತ್ತಿದರೆ 139 ವ್ಯಾಟ್, ಬರೀ ಎತ್ತುವುದಕ್ಕೆ. ಗಾಲಿಯ ಮತ್ತು ಮಣ್ಣಿನ ತಡೆ ಬೇರೆ. ಹಾಲಿಲ್ಲದಿದ್ದರೆ 106 ವ್ಯಾಟ್ ಸಾಕಿತ್ತು. ಭಾರ ಮೂರನೆಯ ಒಂದು ಭಾಗದಷ್ಟೂ ಹೆಚ್ಚಿಲ್ಲ, ಆದರೆ ನಾಲ್ಕನೆಯ ಘಾತದಲ್ಲಿ ನೋಡಿದರೆ ಆ ಏರಿನ ಬೆಲೆ ಸುಮಾರು ಮೂರು ಪಟ್ಟು. ಅದೂ ಹದಿನಾಲ್ಕರ ಮೈಗೆ. ಇಳಿದು ತಳ್ಳಿಕೊಂಡು ಬರುವಂತೆಯೂ ಇರಲಿಲ್ಲ. ಏಳು ಗಂಟೆಯೊಳಗೆ ಮುಟ್ಟದಿದ್ದರೆ ಹೋಟೆಲಿನವರು ಬೇರೆಯವರ ಹಾಲು ಕೊಳ್ಳುತ್ತಿದ್ದರೆಂದು ಆ ಊರಿನ ಹಿರಿಯರೊಬ್ಬರು ಹೇಳಿದರು. ನಸುಕಿನ ನಾಲ್ಕಕ್ಕೆ ಎದ್ದು ಹಿಂಡುತ್ತಿದ್ದವನೂ ಅವನೇ ಅಂತೆ. ಆ ನಾಲ್ಕು ಗಂಟೆಗೆ ಯಾವ ಸೂತ್ರದಲ್ಲಿಯೂ ಜಾಗವಿಲ್ಲ.

ಸೂತ್ರ ಗೊತ್ತಿಲ್ಲದೆ ತಪ್ಪಿದೆ ಎಂದು ಹೇಳಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ಈ ಸೂತ್ರ ಆಗ ಯಾರಿಗೂ ಗೊತ್ತಿರಲಿಲ್ಲ, ಆದರೆ ಹುಡುಗ ಉತ್ತರವನ್ನು ಹೇಳಿದ್ದ. ದಾರಿ ಬೇರೆ ಎಂದು ನಾಲ್ಕೇ ಪದದಲ್ಲಿ ಹೇಳಿದ್ದ. ಕೇಳಿಸಿಕೊಳ್ಳುವುದಕ್ಕೆ ಯಾವ ಉಪಕರಣವೂ ಬೇಕಿರಲಿಲ್ಲ.

ಅವನ ಮನೆಯವರು ಬಹಳ ಹಿಂದೆಯೇ ಸಾಂಗ್ಲಿ ಕಡೆ ದುಡಿಯಲು ಹೋದರೆಂದು ಆ ಹಿರಿಯರು ತಿಳಿಸಿದರು. ಅದಕ್ಕಿಂತ ಹೆಚ್ಚಿಗೆ ಯಾರಿಗೂ ಗೊತ್ತಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಹಲಗೆಯ ಮೇಲೆ ಬರೆದದ್ದೇ ಸಾಕು. ಆದರೆ 1986ರಲ್ಲಿ ಆ ತರಗತಿಯಲ್ಲಿ ಕುಳಿತು ನಕ್ಕವರು ನಿಮ್ಮಲ್ಲಿ ಕೆಲವರಿದ್ದೀರಿ, ನಿಮಗೆ ಅವನು ನೆನಪಿರುತ್ತಾನೆ. ನಕ್ಕದ್ದು ನಿಮ್ಮ ತಪ್ಪಲ್ಲ, ನಗಿಸಿದವನು ನಾನು. ಅವನು ಎಲ್ಲಿದ್ದಾನೆಂದು ನಿಮಗೆ ಯಾರಿಗಾದರೂ ತಿಳಿದರೆ ಈ ಬರಹವನ್ನು ಅವನಿಗೆ ಓದಿ ಹೇಳಿ. ಲೆಕ್ಕದ ಭಾಗವನ್ನು ಬಿಟ್ಟರೂ ನಡೆದೀತು. ಮಾಸ್ತರು ಆ ದಾರಿಗೆ ಹೋಗಿ ಬಂದರು ಎಂದಿಷ್ಟು ತಿಳಿಸಿ.